ಗುರುತಿಲ್ಲದವರಿಗೆ ಐದು ಸಾಲು

ಲಾಂಗ್ಟನ್ ಲೈಬ್ರರಿಯ ಮೂರನೇ ಕಂಪ್ಯೂಟರಿನಲ್ಲಿ
‘ಇ’ ಕೀಲಿ ಸವೆದು ಬೋಳಾಗಿದೆ.
ನನಗಿಂತ ಮೊದಲೂ ಯಾರೋ ಇಲ್ಲಿ ಕೂತು
ಕೆಲಸ ಕೇಳಿದ್ದಾರೆ.

ನನ್ನ ಮೊದಲ ಮೇಲ್ ಒಂದೂವರೆ ಪುಟ.
‘ಮಾನ್ಯರೇ’ ಎಂದು ಸಾಷ್ಟಾಂಗ ಬಿದ್ದು
ಏಳಲು ಮರೆತ ವಾಕ್ಯಗಳು:
ಪದವಿ, ಪ್ರಮಾಣಪತ್ರ, ಕಠಿಣ ಪರಿಶ್ರಮಿ,
ಎಲ್ಲರೊಡನೆ ಬೆರೆಯುವವಳು.
ಅದನ್ನೇ ನಲವತ್ತು ಕಂಪನಿಗೆ ಕಳಿಸಿದೆ.
ಒಂದರಲ್ಲಿ ಇನ್ನೊಂದರ ಹೆಸರು ಹಾಗೇ ಉಳಿದಿತ್ತು.
ಬಂದ ಉತ್ತರ ಒಂದು, ಅದೂ ಯಂತ್ರದ್ದು:
ರಜೆಯಲ್ಲಿದ್ದೇನೆ, ಸೋಮವಾರ ಸಿಗುತ್ತೇನೆ.
ಸೋಮವಾರವೇನೋ ಬಂತು.

ಪಕ್ಕದ ಕುರ್ಚಿಯ ಡೋರೀನ್, ಎಪ್ಪತ್ತೆಂಟು,
ಬಟ್ಟಲ ಅಂಚಿಗೆ ಚಿನ್ನದ ಗೆರೆ ಎಳೆದೇ
ಮೂವತ್ತು ವರ್ಷ ಸವೆಸಿದವಳು,
ಕೇಳದೇ ಕತ್ತು ಚಾಚಿ ಓದಿದಳು.
‘ಇದರಲ್ಲಿ ನೀನೂ ಇಲ್ಲ, ಅವರೂ ಇಲ್ಲವಲ್ಲೇ ಮಗಾ.’
ಅವಳಂದದ್ದು ‘ಡಕ್’. ಈ ಊರಲ್ಲಿ
ಎಲ್ಲರೂ ಎಲ್ಲರಿಗೂ ಬಾತುಕೋಳಿಯೇ.
ನನಗೆ ಮಗಾ ಎಂದೇ ಕೇಳಿಸಿತು.
‘ಗೆರೆ ಮುಗಿಯುವ ತನಕ ಉಸಿರು ಬಿಡಬಾರದು.
ಉಸಿರಿಗಿಂತ ಉದ್ದ ಎಳೆದೆಯೋ, ಕೈ ನಡುಗುತ್ತೆ.’

ಅಳಿಸಿದೆ. ‘ಕಠಿಣ’ ಹೋಯಿತು, ‘ಪರಿಶ್ರಮಿ’ ಹೋದಳು.
‘ತಮ್ಮ ಅಮೂಲ್ಯ ಸಮಯ’ ಎಂಬ ಸಾಲೇ
ಅದನ್ನು ತಿನ್ನುತ್ತಿತ್ತು, ಹೋಯಿತು.
ಉಳಿದದ್ದು ನನ್ನ ಹೆಸರು. ಬರೆಯಲು ಏನೂ ಇಲ್ಲ.

ಶನಿವಾರ ಚಾರಿಟಿ ಅಂಗಡಿಯಲ್ಲಿ
ಎಪ್ಪತ್ತು ಪೆನ್ನಿಗೊಂದು ಚಹಾ ಬಟ್ಟಲು.
ತಳದಲ್ಲಿ ಇದೇ ಊರಿನ ಸಣ್ಣ ಕಾರ್ಖಾನೆಯ ಮುದ್ರೆ,
ಹಿಡಿಯ ಬುಡದಲ್ಲಿ ಕೂದಲೆಳೆ ಬಿರುಕು.
ಭಟ್ಟಿ ಆರುವಾಗ ಮಣ್ಣಿಗಿಂತ ಹೆಚ್ಚು
ಮೆರುಗು ಕುಗ್ಗಿದರೆ ಹೀಗೆ ಸೀಳುತ್ತದೆ.
ಖಾನಾಪುರದಲ್ಲಿ ಈ ಇಬ್ಬರ ಜಗಳ ಬಿಡಿಸುವುದೇ
ನನ್ನ ಸಂಬಳದ ಕೆಲಸವಾಗಿತ್ತು.

ವಿಷಯ: ನಿಮ್ಮ ಬಟ್ಟಲಿನ ಹಿಡಿಯ ಬಿರುಕು

ಮಿಸ್ ಆಲ್ಕಾಕ್ ಅವರೇ,
ಬಿರುಕಿನ ಚಿತ್ರ ಲಗತ್ತಿಸಿದ್ದೇನೆ.
ಮೆರುಗಿಗೆ ಬೆಣಚುಪುಡಿ ತುಸು ಹೆಚ್ಚಿಸಿದರೆ ನಿಲ್ಲಬಹುದು, ನನ್ನ ಊಹೆ.
ಹನ್ನೊಂದು ವರ್ಷ ಇಂಥ ಊಹೆಗಳನ್ನು ಸುಟ್ಟು ನೋಡಿದ್ದೇನೆ.
ಗುರುವಾರ ಇಪ್ಪತ್ತು ನಿಮಿಷ ಬರಲೇ?
ಮಹಾನಂದಾ ಹೊಸಮನಿ

‘ಹೆಸರು ಲೆಕ್ಕಕ್ಕಿಲ್ಲ, ಐದು’ ಎಂದು
ಡೋರೀನ್ ಬೆರಳು ಮಡಚಿದಳು.
ನನಗೆ ಅಳುಕು. ಕರೆಯದ ಮನೆಗೆ ಹೋಗಿ
‘ನಿಮ್ಮ ಗಡಿಗೆ ಸೋರುತ್ತೆ’ ಅನ್ನುವುದೇ?
ಅವಳು ಬಟ್ಟಲನ್ನು ಬೆಳಕಿಗೆ ತಿರುಗಿಸುತ್ತಿದ್ದಳು.
‘ಈ ಗೆರೆ ನನ್ನದಲ್ಲ,’ ಅಂದಳು, ‘ನಡುಗಿದೆ ನೋಡು.’

ಐದು ಗಂಟೆಗೆ ದೀಪ ಆರಿಸುತ್ತಾರೆ.
ನಾಲ್ಕು ಐವತ್ತೆಂಟಕ್ಕೆ ಒತ್ತಿದೆ.

ಒಂಬತ್ತು ದಿನ. ನಡುವೆ ಬೇರೆ ಆರು ಬಾಗಿಲಿಗೆ
ಬೇರೆ ಬೇರೆ ಆರು ಮೇಲ್ ಹೋದವು.
ಹತ್ತನೆಯ ದಿನ:
ಕೆಲಸವಿಲ್ಲ. ಆ ಮೆರುಗಿನ ಪಾಕ ನನ್ನ ಅಜ್ಜನದು.
ಗುರುವಾರ ಆಗದು. ಶುಕ್ರವಾರ ಬನ್ನಿ,
ಬಟ್ಟಲು ತನ್ನಿ.

ತೊಳೆಯಲು ತೆಗೆದೆ. ಇಷ್ಟು ದಿನ
ಅದರಲ್ಲೇ ಕುಡಿದಿದ್ದೆನಲ್ಲ,
ಬಿರುಕಿಗೆ ಚಹಾ ಇಳಿದು ಕಂದಾಗಿ
ಈಗ ಬರಿಗಣ್ಣಿಗೇ ಕಾಣುತ್ತಿತ್ತು.
ತೊಳೆಯದೆ ಒರೆಸಿ ಚೀಲಕ್ಕಿಟ್ಟೆ.