ಕಾಣೆ

ಗುತ್ತಲು ರಸ್ತೆಯ ಸೈಕಲ್ ಅಂಗಡಿ ಮೇಲೆ
ಒಂದು ಕೋಣೆ, ಎರಡು ಹೆಡ್‌ಫೋನು,
ನಾನು ಮತ್ತು ಸಬೀಹಾ.
ಮಂಡ್ಯದ ಸುತ್ತಲ ದನಿಗಳು ಮಾನಸಗಂಗೋತ್ರಿಗೆ ಹೋಗಿ
ಹನ್ನೆರಡು ಸೆಕೆಂಡಿನ ತುಂಡು ತುಂಡಾಗಿ
ಮತ್ತೆ ನಮ್ಮಲ್ಲಿಗೇ ವಾಪಸು,
ತೂಕಕ್ಕೆ ಸಾಲು ನಿಂತ ಕಬ್ಬಿನ ಗಾಡಿ ಹಾಗೆ.
ಯಂತ್ರ ಕೇಳಿ ಬರೆದದ್ದನ್ನು ನಾವು ಕೇಳಿ ತಿದ್ದಬೇಕು.
ನಿಮಿಷಕ್ಕೆ ಆರು ರೂಪಾಯಿ.

ಕೀಲಾರದ ಜವರಯ್ಯ, ನೀರುಗಂಟಿ,
ವಯಸ್ಸು ಅರವತ್ತೆಂಟು, ಅದೂ ಅಂದಾಜು.
ಅವನಂದ: ‘ಅತ್ ಗಂಟ್ಗೆ ನೀರ್ ಬುಟ್ಟೆ ಕಣವ್ವ.’
ಯಂತ್ರ ಬರೆಯಿತು:
‘ಅತ್ತು, ಗಂಟಿಗೆ ನೀರು, ಬುಟ್ಟಿ, ಕಣ್ಣವ್ವ.’
ಪಕ್ಕದಲ್ಲಿ ಅದರ ಭರವಸೆ: ನೂರಕ್ಕೆ ತೊಂಬತ್ತೇಳು.
ಸಬೀಹಾ ನಕ್ಕು ನಕ್ಕು ಟೀ ಚೆಲ್ಲಿದಳು.
‘ಪತ್ರಿಕೆಗೆ ಕಳಿಸು, ಕವಿತೆ ಅಂತ ಹಾಕ್ತಾರೆ.’
ನಾನೂ ನಕ್ಕೆ. ಆಮೇಲೆ ತಿದ್ದಿದೆ,
ಹತ್ತಕ್ಕೆ ಅದರ ಹಕಾರ ಕೊಡದೆ.
ಅವನ ಬಾಯಲ್ಲಿ ಇಲ್ಲದ್ದನ್ನು
ನನ್ನ ಬೆರಳು ಯಾಕೆ ತುರುಕಬೇಕು?
ಶಾಲೆಯಲ್ಲಿ ಆ ಒಂದು ಅಕ್ಷರಕ್ಕೆ
ತಿಂದ ಪೆಟ್ಟು ನನಗಿನ್ನೂ ನೆನಪಿದೆ.

ತಪ್ಪಿದರೆ ತಪ್ಪಲಿ, ಅನ್ನುತ್ತಾರೆ ಶಶಿರೇಖಾ ಮೇಡಂ
ತಿಂಗಳಿಗೊಮ್ಮೆ ಮೈಸೂರಿಂದ ಪ್ಯಾಸೆಂಜರಲ್ಲಿ ಬಂದು,
ತಪ್ಪುವಾಗಲಾದರೂ ದನಿ ಒಂಚೂರು ನಡುಗಬೇಡವೆ?
ಗೊತ್ತಿಲ್ಲ ಎಂಬುದು ಗೊತ್ತಾಗುವುದು ಹೇಗೆ,
ಆರು ವರ್ಷದಿಂದ ಇದನ್ನೇ ಅರೆಯುತ್ತಿದ್ದಾರೆ.
ಹೋದ ವರ್ಷ ಒಂದು ಉಪಾಯ ಮಾಡಿದರಂತೆ:
ಗೊತ್ತಿಲ್ಲ ಅಂದಾಗೆಲ್ಲ ಅರ್ಧ ಅಂಕ,
ತಪ್ಪು ಹೇಳಿದರೆ ಒಂದು ಕಡಿತ.
ಒಂದೇ ವಾರ. ಪಾಕಡಾ ಕಲಿತೇಬಿಟ್ಟಿತು.
ಎರಡೂ ಎರಡೂ ಎಷ್ಟು? ಗೊತ್ತಿಲ್ಲ.
ಮಂಡ್ಯ ಯಾವ ಜಿಲ್ಲೆಯಲ್ಲಿದೆ? ಗೊತ್ತಿಲ್ಲ.
ನಿನ್ನ ಹೆಸರು? ಕ್ಷಮಿಸಿ, ಗೊತ್ತಿಲ್ಲ.
ಕೊನೇ ಬೆಂಚಿನ ಹುಡುಗನ ಹಾಗೆ
ಏಟಿಗೆ ಸಿಗದ ಜಾಗ ನೋಡಿಕೊಂಡು ಕೂತಿತು.
ಮೇಡಂ ಅಂಗೈಯಲ್ಲೇ ಬೋರ್ಡು ಒರೆಸಿದರು.
ಕೈಯೆಲ್ಲ ನೀಲಿ.

ಇವತ್ತು, ತುಂಡು ನಾನೂರ ಹನ್ನೊಂದು.
ಕತ್ತರಿಸಲು ಮರೆತರೋ ಏನೋ, ಉದ್ದ ಹದಿಮೂರು ನಿಮಿಷ.
ರೆಕಾರ್ಡಿಂಗ್ ಹುಡುಗ ಕೇಳುತ್ತಾನೆ:
ಕೊನೇ ಗದ್ದೆಗೆ ನೀರು ಯಾವಾಗ ತಲುಪುತ್ತೆ, ತಾತ?
ಇದೇ ಪ್ರಶ್ನೆಗೆ ಯಂತ್ರದ ಉತ್ತರ ಮೊದಲೇ ಸಿದ್ಧ:
ಮಂಗಳವಾರ, ಬೆಳಗಿನ ಜಾವ. ತೊಂಬತ್ತೊಂದು.
ನಲವತ್ತು ವರ್ಷ ಅದೇ ನಾಲೆ, ಅದೇ ತೂಬು ಕಾದ ಜವರಯ್ಯ
ಅಂದದ್ದು ಇಷ್ಟೇ:
‘ಕಾಣೆ ಕನಪ್ಪ.’

ಆಮೇಲೆ ಮಾತಿಲ್ಲ.
ಎದ್ದ ಸದ್ದು, ಮೊಣಕಾಲಿನ ಲಟಿಕೆ.
ಕತ್ತಲಲ್ಲಿ ಕಾಲು ಚಪ್ಪಲಿ ತಡಕಿದ್ದು.
ಟಾರ್ಚಿನ ಗುಂಡಿ ಎರಡು ಸಲ
(ಮೊದಲ ಸಲ ಹತ್ತಲಿಲ್ಲ ಅನಿಸುತ್ತೆ).
ನಾಯಿ. ಬದುವಿನ ಹುಲ್ಲು. ಹಿಂದೆ ಓಡುವ ಹುಡುಗನ ಉಸಿರು.
ತುಂಬ ಹೊತ್ತು ನಡೆದ ಮೇಲೆ
ಸಣ್ಣಗೆ, ನನಗೂ ಮೊದಲು ಅನುಮಾನ,
ನೀರು.

ಕಾಣೆ. ನಮ್ಮಲ್ಲಿ ಎಷ್ಟು ಸಣ್ಣ ಮಾತು.
ತಿಳಿಯದು ಅಂದರೂ ಅದೇ,
ಕಣ್ಣಿಗೆ ಬಿದ್ದಿಲ್ಲ ಅಂದರೂ ಅದೇ,
ಬಸ್ ಸ್ಟ್ಯಾಂಡಿನ ಕಂಬದಲ್ಲಿ ಫೋಟೋ ಕೆಳಗೆ ಅಂಟಿಸುವುದೂ ಅದೇ.
ಕಂಡಿಲ್ಲ, ತಡಿ, ನೋಡಿ ಬರ್ತೀನಿ
ಅನ್ನುವುದೂ ಅದರೊಳಗೆ ಇತ್ತೆಂದು
ಇವತ್ತೇ ನನಗೂ ಕೇಳಿಸಿದ್ದು.

ಪರದೆ ಕೇಳಿತು: ಮಾತಿಲ್ಲದ ಭಾಗ, ಹನ್ನೊಂದು ನಿಮಿಷ.
ಅಳಿಸು. ಉಳಿಸು. ಒಂದನ್ನು ಒತ್ತಿ.
ಮಾತಿಲ್ಲದ್ದಕ್ಕೆ ಕಾಸಿಲ್ಲ;
ಹನ್ನೊಂದಾರಲೆ ಅರವತ್ತಾರು, ಹೋಗಲಿ.
ಉಳಿಸಿ, ಷರಾ ಕಾಲಂನಲ್ಲಿ ಬರೆದೆ:
‘ಉತ್ತರ ಮುಗಿದಿಲ್ಲ. ನಡೆಯುತ್ತಿದ್ದಾರೆ.’

ಸಬೀಹಾ ನನ್ನ ಹೆಡ್‌ಫೋನು ಕಿತ್ತುಕೊಂಡು ಕೇಳಿದಳು.
‘ತಲುಪಿತಾ ಕೊನೆಗೆ?’
ರೆಕಾರ್ಡಿಂಗು ಅಲ್ಲಿಗೇ ನಿಂತಿದೆ.
ಕಾಣೆ, ಅಂದೆ.
ಕೀಲಾರಕ್ಕೆ ಕೊನೇ ಬಸ್ಸು ಏಳೂವರೆಗೆ.