ಲೆಕ್ಕಶೀರ್ಷಿಕೆ ನಮೂದಿಸಿಲ್ಲ

ಮೊದಲ ಸಲ ಕಡತ ವಾಪಸು ಕಳಿಸಿದವಳು ನಾನೇ.
ಹಸಿರು ಶಾಯಿ ಸಾಹೇಬರದು, ಒಕ್ಕಣೆ ನನ್ನದು:
'ಲೆಕ್ಕಶೀರ್ಷಿಕೆ ನಮೂದಿಸಿಲ್ಲ. ಸೂಕ್ತ ಆದೇಶಕ್ಕಾಗಿ.'

ಚಂದ್ರಭಾಗಾ ತಾಂಡೇಲ, ಆಶಾ, ಮಾಜಾಳಿ.
ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬಂದಿದ್ದಳು
ಬೆಳಗಿನ ಬಸ್ಸಿನಲ್ಲಿ, ಬುಟ್ಟಿಗಳ ನಡುವೆ ನಿಂತು.
ಕೈಚೀಲದಲ್ಲಿ ಒಂದು ಅರ್ಜಿ, ಒಂದು ಹಲಗೆಯ ತುಂಡು.
ಹಲಗೆ ಯಾಕೆಂದು ಕೇಳಿದೆ.
'ಅಳತೆಗೆ, ಬಾಯೋರೆ.
ಇಷ್ಟಗಲದ ಪೆಟ್ಟಿಗೆ. ಮುಚ್ಚಳ ಇಲ್ಲ, ತಳ ಸಪಾಟು.
ದೋಣಿಗೆ ಕೊಯ್ದು ಉಳಿದ ಹಲಗೆಯಲ್ಲಿ
ಪುಂಡಲೀಕ ಆಚಾರಿ ಮಾಡಿಕೊಡ್ತಾನೆ,
ಒಂದಕ್ಕೆ ಆರುನೂರ ನಲವತ್ತು.
ನಮ್ಮ ಕೇರಿಯಲ್ಲಿ ಈಗ ಹನ್ನೊಂದು ಬಸುರಿಯರು.'

ಆ ಕೇರಿಯ ಕೋಣೆ ನನಗೆ ಗೊತ್ತು,
ಅಂಥದ್ದರಲ್ಲೇ ಹುಟ್ಟಿದವಳು ನಾನೂ:
ಒಂದು ಚಾಪೆ, ಐದು ಜನ, ಮೊಳೆಗೆ ನೇತುಬಿದ್ದ ಬಲೆ,
ನಡುವೆ ಎಲ್ಲೋ ಕೂಸು.
ತಲೆ ದುಂಡಗಾಗಲೆಂದು ಸಾಸಿವೆ ದಿಂಬು,
ಥಂಡಿಯಾಗದಿರಲೆಂದು ಹಳೆ ಸೀರೆಗಳ ಗೋದಡಿ,
ಬೆಚ್ಚಿ ಬೀಳದಿರಲೆಂದು
ಬೋರಲು.
ಒಂದರಲ್ಲೂ ಪ್ರೀತಿಗೆ ಕಡಿಮೆಯಿಲ್ಲ.

ಅರ್ಜಿಗೆ ಒಂದು ನಮೂನೆ ಲಗತ್ತಿಸಿತ್ತು.
ಚೌತಿಯ ಮರುದಿನ, ಸುಗಂಧಿಯ ಕೂಸು,
ಎಪ್ಪತ್ತೊಂದು ದಿನದ್ದು, ಹೆಸರಿಟ್ಟಾಗಿತ್ತು.
ನಾಲ್ಕಕ್ಕೆ ಟೆಂಪೋ ಹತ್ತಿ ಅವಳು ಬೈತಖೋಲಿಗೆ ಹೋಗಿದ್ದಳು,
ಬಂಗಡೆ ಹರಾಜಿಗೆ.
ಆರಕ್ಕೆ ಅತ್ತೆ ಎತ್ತಿಕೊಳ್ಳಲು ಹೋದರೆ
ಮಲಗಿದ್ದಲ್ಲೇ.
ಊರು ಬಾಲಗ್ರಹ ಎಂದಿತು. ಕೆಲವರು ತಾಯಿಯ ಕಾಲ್ಗುಣ ಎಂದರು.
ನಮೂನೆ ಮಾತ್ರ 'ಕಾರಣ ತಿಳಿದಿಲ್ಲ' ಎಂದಿತು,
ಅಷ್ಟರ ಮಟ್ಟಿಗೆ ಪ್ರಾಮಾಣಿಕ.
ಹೇಗೆ ಮಲಗಿಸಿತ್ತು ಎಂಬ ಕಲಮು ಅದರಲ್ಲಿ ಇರಲಿಲ್ಲ.
ಆ ಮನೆಯಲ್ಲಿ ಅದನ್ನು ಕೇಳುವ ಧೈರ್ಯ
ಚಂದ್ರಭಾಗಾಳಿಗೂ ಆಗಲಿಲ್ಲ.

ಮಳೆಗಾಲಕ್ಕೆ ನಾವು ದೋಣಿ ಮಗುಚಿ ಇಡುತ್ತೇವೆ.
ಬೋರಲು ಮಲಗಿದರೆ ದೋಣಿ ಉಳಿಯುತ್ತದೆ.
ಮಗು ಮಗುಚಿಕೊಂಡ ದಿನ ದೋಸೆ ಹುಯ್ಯುತ್ತೇವೆ.
ದೋಣಿಗೂ ಮಗುವಿಗೂ ಒಂದೇ ಮಾತು
ಬಾಯಿಗೆ ಬರುತ್ತದೆ; ಆ ಮಾತಿನಲ್ಲಿ
ಎಚ್ಚರಿಕೆ ಯಾರೂ ಇಟ್ಟಿಲ್ಲ.

ಜನವರಿಯಲ್ಲಿ ಶೀರ್ಷಿಕೆ ಸಿಕ್ಕಿತು:
'ಮಾಹಿತಿ, ಶಿಕ್ಷಣ, ಸಂವಹನ.'
ಅಂದರೆ ಮಾತಿಗೆ ಹಣ ಉಂಟು, ಹಲಗೆಗಿಲ್ಲ.
ಬಿಡುಗಡೆಯಾದದ್ದು ಮಾರ್ಚ್ ಇಪ್ಪತ್ತೆರಡಕ್ಕೆ;
ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ಲ್ಯಾಪ್ಸು.
ಹನ್ನೆರಡು ಫ್ಲೆಕ್ಸು, ಹತ್ತಡಿಗೆ ಆರಡಿ:
'ಸುರಕ್ಷಿತ ನಿದ್ರೆ, ಶಿಶುವಿಗೆ ರಕ್ಷೆ.'
ಕೆಳಗೆ ಎಲ್ಲಿಂದಲೋ ಇಳಿಸಿಕೊಂಡ ಗುಲಾಬಿ ಬಣ್ಣದ ಕೂಸು,
ನೊರೆಯಂಥ ಹಾಸಿಗೆ, ಕಂಕುಳಲ್ಲಿ ಗೊಂಬೆಕರಡಿ,
ಬೋರಲು.
ಬಿಲ್ಲು ಪಾಸು ಮಾಡಿದವಳೂ ನಾನೇ.
ಮೊತ್ತ ನೋಡಿದೆ, ಜಿಎಸ್‌ಟಿ ಸಂಖ್ಯೆ ನೋಡಿದೆ, ಮೊಹರು ನೋಡಿದೆ.

ಚಂದ್ರಭಾಗಾ ಫೋನು ಮಾಡಿದಳು. ಬಯ್ಯಲಿಲ್ಲ.
'ತಲೆಕೆಳಗೆ ಕಟ್ಟಿ ನೋಡಿದೆ, ಬಾಯೋರೆ,
ಆದರೂ ಕೂಸು ಬೋರಲೇ.'

ಏಪ್ರಿಲಿನ ಒಂದು ಭಾನುವಾರ ಮಾಜಾಳಿಗೆ ಹೋದೆ.
ಫ್ಲೆಕ್ಸು ಮರಳ ಮೇಲೆ ಹಾಸಿತ್ತು,
ಗುಲಾಬಿ ಬೆನ್ನಿನ ತುಂಬ ಒಣಗುವ ಶೆಟ್ಲಿ.
ಒಬ್ಬಳು ಕುಕ್ಕರಗಾಲಲ್ಲಿ ಕೂತು
ಅಂಗೈಯಿಂದ ಅದನ್ನು ಮಗುಚುತ್ತಿದ್ದಳು.
ಸುಗಂಧಿ ಎಂದು ಆಮೇಲೆ ಗೊತ್ತಾಯಿತು.

ಆಚಾರಿ ಮೂರು ಪೆಟ್ಟಿಗೆ ಮಾಡಿದ್ದ, ಸಾಲಕ್ಕೆ.
ಒಂದರಲ್ಲಿ ಇಪ್ಪತ್ತು ದಿನದ ಹುಡುಗಿ, ಅಂಗಾತ,
ದಿಂಬಿಲ್ಲ, ಗೋದಡಿಯಿಲ್ಲ,
ಎರಡೂ ಮುಷ್ಟಿ ಕಿವಿಯ ಪಕ್ಕಕ್ಕೆ ಎಸೆದು
ನಿದ್ದೆ.
ಉಸಿರು ಎಣಿಸಿದೆ. ಎಣಿಸುವುದೇ ನನ್ನ ನೌಕರಿ.
ನಡುವೆ ಒಮ್ಮೆ ತಡೆದಂತಾಗಿ, ನನ್ನದೂ ತಡೆದು,
ಮತ್ತೆ ಅದರ ಹೊಟ್ಟೆ ಏರಿತು.

ಪರ್ಸಿನಲ್ಲಿ ಐನೂರು ಇತ್ತು, ಕೊಟ್ಟೆ.
ಆಚಾರಿ ಬೇಡವೆನ್ನಲಿಲ್ಲ.
'ರಸೀದಿ ಬೇಕಾ?'
ಅಭ್ಯಾಸಬಲ, ಬೇಕು ಎಂದುಬಿಟ್ಟೆ.
ಕಿವಿಯ ಹಿಂದಿನ ಪೆನ್ಸಿಲು ತೆಗೆದು ಕೇಳಿದ,
'ಯಾವ ಬಾಬ್ತು ಅಂತ ಬರೀಲಿ?'