ಮಲ್ಕನ ಬಲಗಿವಿ

ಹ್ಯಾಲಿಫ್ಯಾಕ್ಸಿನ ಚಾಪೆಲ್ಲಿನ ಹಿಂಗೋಣೆ, ಬುಧವಾರ ಸಂಜೆ.
ಹೀಟರ್ ಕೆಮ್ಮುತ್ತದೆ. ನಾವು ಐವರು, ಒಂದು ಶುಂಠಿ ಕೇಕು.
ಇವತ್ತಿನ ಪಾಠ ತೋಟದ ಆ ರಾತ್ರಿ:
ಪೇತ್ರ ಕತ್ತಿ ಹಿರಿದದ್ದು,
ಆಳು ಮಲ್ಕನ ಬಲಗಿವಿ ಉದುರಿದ್ದು.

"ಒರೆಗೆ ಹಾಕು ಅಂದನಲ್ಲ, ಅಲ್ಲಿಗೆ ಮುಗಿಯಿತು,"
ಎನ್ನುತ್ತಾರೆ ಎನಿಡ್ ಸಟ್‌ಕ್ಲಿಫ್, ತೊಂಬತ್ತೊಂದು ವರ್ಷ.
ಯುದ್ಧಕ್ಕೆ ಒಲ್ಲೆ ಅಂದ ಅವರಪ್ಪ
ಜೈಲಿನಲ್ಲಿ ಟಪಾಲು ಚೀಲ ಹೊಲಿದವರು;
ಬಿಡುಗಡೆಯಾಗಿ ಬಂದ ಮೇಲೆ ಬೀದಿಯ ಕಟುಕ
ನಾಯಿಗೆಂದರೂ ಎಲುಬು ಕೊಡಲಿಲ್ಲವಂತೆ.

"ಮೂರು ವರ್ಷ ಜೊತೆಗೇ ತಿರುಗಿದವನ ಸೊಂಟದಲ್ಲಿ
ಕತ್ತಿ ಇತ್ತು. ಅವನಿಗೆ ಕಾಣಲಿಲ್ಲವೇ?"
ಇದು ಡೆರಿಕ್ ಹೋಲ್‌ರಾಯ್ಡ್,
ಹಡಗಿನ ಫಿರಂಗಿಗೆ ಎಡಗಿವಿ ಕೊಟ್ಟು ಬಂದವರು.
"ಬಿಸಾಡು ಅನ್ನಲಿಲ್ಲ, ಎನಿಡ್. ಒರೆಗೆ ಅಂದ.
ಒರೆ ಅಂದರೆ ಇಟ್ಟುಕೊಳ್ಳುವ ಜಾಗ."

ಹೀಟರ್ ಬಿಟ್ಟರೆ ಯಾರೂ ಮಾತಾಡಲಿಲ್ಲ.
ಎನಿಡ್ ಏನೋ ಗೊಣಗಿದರು, ಬಹಳ ಮೆಲ್ಲಗೆ.
ಡೆರಿಕ್ ಕೇಳಿಸದೆ ಮುಖ ತಿರುಗಿಸಿದರು,
ಮತ್ತೊಂದು ಕೆನ್ನೆ ಅವರ ಕಡೆಗೆ,
ಇದ್ದೊಂದು ಕಿವಿಯ ಸಮೇತ.
"ಇನ್ನೊಂದು ತುಂಡು ಬೇಕಾ ಅಂದೆ," ಅಂದರು ಎನಿಡ್.

ಕಪ್ಪುಬಸಿ ತೊಳೆದು, ಮನೆಯಿಂದ ತಂದ ಚಾಕುವನ್ನು
ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟು ಹೊರಟೆ.
ಕೊನೆಯ ಬಸ್ಸು. ಅಷ್ಟೊಂದು ಸೀಟು ಖಾಲಿಯಿದ್ದೂ
ಟೋಪಿ ಎಳೆದುಕೊಂಡ ಹುಡುಗನೊಬ್ಬ
ನನ್ನ ಪಕ್ಕಕ್ಕೇ ಬಂದು ಕೂತ.
ಚೀಲದೊಳಗೆ ಕೈ ತಾನಾಗಿ ಹಿಡಿ ಹುಡುಕಿತು.
ಅವನು ಎರಡು ಸ್ಟಾಪಿನೊಳಗೆ ನಿದ್ದೆ ಹೋದ.

ಪೇತ್ರ ಬೆಸ್ತ, ಅವನದು ಬರೀ
ಮೀನು ಸೀಳುವ ಚಾಕುವಿದ್ದೀತು
ಎಂದುಕೊಂಡಿದ್ದೆ ಅಲ್ಲಿಯವರೆಗೆ.